ಹಿತ್ತಲ ಬಾವಿ, ಹಿತ್ತಲ ಪೂಲ್

ಈ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಗುಂಡಿ ಇದೆ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಅದನ್ನು ತೋಡಿದ್ದು ಚನ್ನಪಟ್ಟಣ ತಾಲೂಕಿನ ಅಕ್ಕೂರಿನಲ್ಲಿ, ನಮ್ಮ ದೊಡ್ಡಪ್ಪನ ಮನೆಯ ಹಿತ್ತಲಲ್ಲಿ, 2022ರ ಬೇಸಿಗೆಯಲ್ಲಿ.

ತೋಡಿಸಿದ್ದು ದೊಡ್ಡಪ್ಪನ ಮಗ, ನನಗೆ ಅಣ್ಣ ಆಗಬೇಕು. ಬೆಂಗಳೂರಲ್ಲಿ ಹತ್ತು ವರ್ಷ ಕೆಲಸ ಮಾಡಿ, ಲಾಕ್‌ಡೌನಲ್ಲಿ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಹಿತ್ತಲಲ್ಲೊಂದು ಸ್ವಿಮ್ಮಿಂಗ್ ಪೂಲ್, ಸುತ್ತ ಲಾನ್, ಎರಡು ರೂಮು, ವೀಕೆಂಡ್ ಹೋಂಸ್ಟೇ. ಇದು ಅವನ ಪ್ಲಾನ್. ಜೆಸಿಬಿ ಬಂದ ದಿನ ನಾನೂ ಅಲ್ಲೇ ಇದ್ದೆ. ಮೊದಲ ಬಕೆಟ್ ಮಣ್ಣು ಮೇಲೆ ಬಂತು. "ಇದನ್ನ ಎಲ್ಲಿ ಹಾಕೋದು?" ಅಂತ ಡ್ರೈವರ್ ಕೇಳಿದ. ಅಣ್ಣ ಕೈ ತೋರಿಸಿದ್ದು ಹಿತ್ತಲ ಮೂಲೆಯಲ್ಲಿದ್ದ ಹಳೇ ಬಾವಿಯ ಕಡೆಗೆ.

ದೊಡ್ಡವ್ವ ಅಡುಗೆಮನೆಯಿಂದ ಓಡಿ ಬಂದರು. "ನೀನು ಎಲ್ಲಾದ್ರೂ ಗುಂಡಿ ತೋಡ್ಕೋ ಕಣ್ಲಾ. ಬಾವಿ ತಂಟೆಗೆ ಬರಬೇಡ."

ಅಣ್ಣನಿಗೆ ಸಿಟ್ಟು ಬಂತು. ನೀರಿಲ್ಲದ ಬಾವಿ ಇಟ್ಟುಕೊಂಡು ಏನು ಪೂಜೆ ಮಾಡ್ತೀರಾ ಅಂದ. ಅವನ ಮಾತಲ್ಲಿ ತಪ್ಪಿಲ್ಲ ಅಂತ ಆವತ್ತು ನನಗೂ ಅನ್ನಿಸಿತು. ಇಪ್ಪತ್ತು ವರ್ಷದಿಂದ ಆ ಬಾವಿಯ ತಳದಲ್ಲಿ ಒಂದಷ್ಟು ಕೆಸರು, ಪ್ಲಾಸ್ಟಿಕ್ ಕವರು, ಎರಡು ಪಾರಿವಾಳದ ಗೂಡು ಬಿಟ್ಟರೆ ಬೇರೇನೂ ಇರಲಿಲ್ಲ.

ನಮ್ಮಪ್ಪ, ದೊಡ್ಡಪ್ಪ ಎಲ್ಲ ಈಜು ಕಲಿತಿದ್ದು ಅದೇ ಬಾವಿಯಲ್ಲಿ. ಸುಮಾರು ಇಪ್ಪತ್ತು ಅಡಿ ಅಗಲ, ಮೂವತ್ತೈದು ಅಡಿ ಆಳ. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲುಗಳೇ ಮೆಟ್ಟಿಲು. ಒಂದು ಕಾಲದಲ್ಲಿ ಕಪಿಲೆ ಹೊಡೆಯುತ್ತಿದ್ದರಂತೆ, ಎತ್ತು ಹಿಂದಕ್ಕೂ ಮುಂದಕ್ಕೂ ನಡೆದ ಇಳಿಜಾರು ಇನ್ನೂ ಕಾಣುತ್ತೆ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ದೊಡ್ಡವರು ನೀರಿಗೆ ತಳ್ಳುತ್ತಿದ್ದರು. ಎರಡು ಬುರುಡೆ, ಆಮೇಲೆ ಒಂದು, ಆಮೇಲೆ ಬುರುಡೆಯೂ ಇಲ್ಲ. ಕೋಚ್ ಇಲ್ಲ, ಫೀಸ್ ಇಲ್ಲ, ಸ್ವಿಮ್ಮಿಂಗ್ ಕ್ಯಾಪ್ ಅಂತೂ ಇಲ್ಲವೇ ಇಲ್ಲ. ನಾನು ಹುಟ್ಟೋ ಹೊತ್ತಿಗೆ ಎಲ್ಲರ ಜಮೀನಲ್ಲೂ ಬೋರ್‌ವೆಲ್ ಬಂದಿತ್ತು. ನೂರಾರು ಅಡಿ ಕೆಳಗಿನಿಂದ ನೀರೆಳೆಯೋಕೆ ಶುರು ಮಾಡಿದ ಮೇಲೆ ಮೂವತ್ತೈದು ಅಡಿಯ ಬಾವಿಗೆ ಏನು ಉಳಿಯುತ್ತೆ? ಹಾಗಾಗಿ ನನಗೆ ಈಜು ಬರಲ್ಲ. ನಮ್ಮ ಮನೆತನದಲ್ಲಿ ಈಜು ಬಾರದ ಮೊದಲ ತಲೆಮಾರು ನಮ್ಮದು.

ಹಾಗಿದ್ದರೆ ಅದೇ ಹಿತ್ತಲಿಗೆ ಪೂಲ್ ಯಾಕೆ ಬಂತು? ದುಡ್ಡಿದೆ, ಕಟ್ಟಿದ ಅಂತ ಹೇಳಿ ಮುಗಿಸಬಹುದು. ಆದರೆ ಕಾರಣ ಸ್ವಲ್ಪ ಉದ್ದ ಇದೆ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. 2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು, ಅದಕ್ಕೆ ಎರಡು ಮೂರು ವರ್ಷ ಮೊದಲೇ ರಿಯಲ್ ಎಸ್ಟೇಟ್‌ನವರಿಗೆ ಅದರ ವಾಸನೆ ಸಿಕ್ಕಿತ್ತು. ಹಿಪ್ಪುನೇರಳೆ, ತೆಂಗು, ಮಾವು ಇದ್ದ ಕಡೆ ಫಾರ್ಮ್‌ಹೌಸ್ ಬೋರ್ಡು ನೆಟ್ಟವು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಅಂತ ಬದಲಿಸಲು ಸಚಿವ ಸಂಪುಟ ಒಪ್ಪಿತು. ಹೆಸರು ಬರೋಕೆ ಮುಂಚೆ ಬೆಂಗಳೂರಿನ ವೀಕೆಂಡ್ ಬಂದಿತ್ತು. ವೀಕೆಂಡಿಗೆ ಬರುವವರು ಬುಕ್ ಮಾಡೋ ಮೊದಲು ಕೇಳೋ ಪ್ರಶ್ನೆ ಒಂದೇ: "ಪೂಲ್ ಇದೆಯಾ?"

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಸುಮಾರು 4,500 ವರ್ಷ.

ಸಿಂಧೂ ನದಿಯ ಬಯಲಲ್ಲಿ ಮೊಹೆಂಜೊದಾರೊ. 1920ರ ದಶಕದಲ್ಲಿ ಅಗೆದಾಗ ಅಲ್ಲೊಂದು ಸ್ನಾನದ ಕೊಳ ಸಿಕ್ಕಿತು. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ವಿಸ್ತೀರ್ಣದಲ್ಲಿ ನಮ್ಮಣ್ಣನ ಪೂಲ್‌ನ ಹೆಚ್ಚೂಕಮ್ಮಿ ಎರಡರಷ್ಟು. ಸುಟ್ಟ ಇಟ್ಟಿಗೆಯನ್ನು ಒತ್ತಾಗಿ ಜೋಡಿಸಿ, ಜಿಪ್ಸಂ ಗಾರೆ ಹಾಕಿ, ನೀರು ಸೋರದ ಹಾಗೆ ಹಿಂದೆ ನೈಸರ್ಗಿಕ ಡಾಂಬರಿನ ಪದರ ಕೊಟ್ಟಿದ್ದರು. ಒಂದು ಮೂಲೆಯಲ್ಲಿ ನೀರು ಹೊರಗೆ ಹೋಗೋಕೆ ದಾರಿ, ಅದು ಆಳೆತ್ತರದ ಚರಂಡಿಗೆ ಸೇರುತ್ತೆ. ಪೂಲ್ ಕಟ್ಟೋರು ಇವತ್ತಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ: ನೀರು ಎಲ್ಲಿಂದ ಬರುತ್ತೆ, ಹೇಗೆ ನಿಲ್ಲುತ್ತೆ, ಎಲ್ಲಿಗೆ ಹೋಗುತ್ತೆ. ಈ ಮೂರನೇದನ್ನು ನಮ್ಮ ಕಡೆ ಯಾರೂ ಕೇಳಲ್ಲ. ಅದರ ಕಥೆ ಆಮೇಲೆ ಹೇಳ್ತೀನಿ.

ನಮಗೆ ಹತ್ತಿರದ ಉದಾಹರಣೆ ಬೇಕು ಅಂದರೆ ಹಂಪಿ. ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಕಪ್ಪು ಕಲ್ಲಿನ ಪುಷ್ಕರಣಿಯನ್ನು ನೀವು ರೀಲ್ಸಲ್ಲಾದರೂ ನೋಡಿರ್ತೀರಿ. ಅದು ಮಣ್ಣಿನಡಿಯಿಂದ ಹೊರಬಂದಿದ್ದು 1980ರ ದಶಕದಲ್ಲಿ. ಹತ್ತಿರ ಹೋಗಿ ಕಲ್ಲುಗಳನ್ನು ನೋಡಿ. ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ ಗುರುತು ಕೆತ್ತಿದ್ದಾರೆ, ಕನ್ನಡ ಅಕ್ಷರದಲ್ಲಿ. ಬೇರೆ ಕಡೆ ಕಡಿದು ಸಿದ್ಧ ಮಾಡಿ, ತಂದು ಇಲ್ಲಿ ಜೋಡಿಸಿದ ಕೊಳ ಅದು. ಇವತ್ತು ರೆಡಿಮೇಡ್ ಫೈಬರ್ ಪೂಲನ್ನು ಲಾರಿಯಲ್ಲಿ ತಂದು ಕ್ರೇನಲ್ಲಿ ಇಳಿಸ್ತಾರಲ್ಲ, ಅದನ್ನು ಕಂಡಾಗೆಲ್ಲ ನನಗೆ ಆ ಕಲ್ಲುಗಳು ನೆನಪಾಗ್ತವೆ. ನೀರು ಬರುತ್ತಿದ್ದಿದ್ದು ಕಲ್ಲು ಕಂಬಗಳ ಮೇಲೆ ಹಾಸಿದ ಕಲ್ಲಿನ ತೊಟ್ಟಿ ಕಾಲುವೆಯಲ್ಲಿ. ಅದೂ ಇನ್ನೂ ನಿಂತಿದೆ.

ಆದರೆ ಅದು ಅರಮನೆ ಆವರಣದ ಕೊಳ, ಕೋಟೆಗೋಡೆಯ ಒಳಗಿನದು. ರಾಣಿಯರ ಸ್ನಾನಗೃಹ ಅಂತ ತೋರಿಸೋ ಕಟ್ಟಡವೂ ಅಷ್ಟೇ. ಹೊರಗಿನಿಂದ ಬೋಳು ಗೋಡೆ, ಒಳಗೆ ಹೋದರೆ ಕಮಾನು, ಬಾಲ್ಕನಿ, ನಡುವೆ 15 ಮೀಟರ್ ಚೌಕದ ಕೊಳ. ದೇವಸ್ಥಾನದ ಕಲ್ಯಾಣಿಗೂ ಇಳಿಯಬಹುದಾದವರು, ಇಳಿಯಬಾರದವರು ಅಂತ ಇದ್ದೇ ಇತ್ತು. ಕೊಳದ ಜತೆಗೆ ಅದರ ಬೇಲಿಯೂ ಅಷ್ಟೇ ಹಳೇದು.

ಪೂಲ್ ಮನೆ ಹಿಂದಕ್ಕೆ ಬಂದಿದ್ದು ಅಮೆರಿಕದಲ್ಲಿ. ಅದಕ್ಕೆ ದಾರಿ ಮಾಡಿದ್ದರಲ್ಲಿ ಒಬ್ಬ ಸತ್ತ ಪ್ರಾಣಿಗಳನ್ನು ಜೀವಂತ ಇರೋ ಹಾಗೆ ಮಾಡಿ ಮ್ಯೂಸಿಯಂಗೆ ನಿಲ್ಲಿಸುತ್ತಿದ್ದವನು ಅಂದರೆ ನಂಬ್ತೀರಾ? ಹೆಸರು ಕಾರ್ಲ್ ಏಕ್ಲಿ. ಷಿಕಾಗೋದ ಫೀಲ್ಡ್ ಮ್ಯೂಸಿಯಂ ಕಟ್ಟಡದ ಗೋಡೆ ಉದುರುತ್ತಿತ್ತು. ಅದನ್ನು ಬೇಗ ರಿಪೇರಿ ಮಾಡೋಕೆ 1907ರ ಸುಮಾರಿಗೆ ಗಾಳಿಯ ಒತ್ತಡದಲ್ಲಿ ಗಾರೆ ಚಿಮ್ಮುವ ಯಂತ್ರ ಮಾಡಿದ. 'ಸಿಮೆಂಟ್ ಗನ್' ಅಂದರು. ಕಂಬಿ ಕಟ್ಟಿದ ಗುಂಡಿಗೆ ಈ ಗನ್ ಹಿಡಿದರೆ ಹಲಗೆ ಹೊಡೆಯದೇ ಯಾವ ಆಕಾರ ಬೇಕಾದರೂ ಬರುತ್ತೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಥಾಮಸ್ ಚರ್ಚ್ ಅನ್ನೋ ಲ್ಯಾಂಡ್‌ಸ್ಕೇಪ್ ಡಿಸೈನರ್ ಡಾನೆಲ್ ಕುಟುಂಬಕ್ಕೆ ಒಂದು ತೋಟ ಮಾಡಿಕೊಟ್ಟ, ಮಧ್ಯದಲ್ಲಿ ಮೂತ್ರಪಿಂಡದ ಆಕಾರದ ಕೊಳ. ಅಲ್ಲಿಂದ ಆ ಆಕಾರ ಜಗತ್ತೆಲ್ಲ ಹಬ್ಬಿತು. ಅಣ್ಣನ ಫೋನಲ್ಲಿದ್ದ ಮೊದಲ ಡಿಸೈನ್ ಕೂಡ ಅದೇ. ಬಜೆಟ್ ನೋಡಿ ಕೊನೆಗೆ ಆಯತಕ್ಕೆ ಬಂದ.

ಇತಿಹಾಸಕಾರ ಜೆಫ್ ವಿಲ್ಟ್ಸೆ 2007ರಲ್ಲಿ ಬರೆದ 'ಕಂಟೆಸ್ಟೆಡ್ ವಾಟರ್ಸ್' ಪುಸ್ತಕ ಅಮೆರಿಕದ ಸಾರ್ವಜನಿಕ ಈಜುಕೊಳಗಳ ಬಗ್ಗೆ. ಕಪ್ಪುವರ್ಣೀಯರಿಗೂ ಕೊಳಕ್ಕೆ ಪ್ರವೇಶ ಕೊಡಬೇಕು ಅಂತ ಕೋರ್ಟುಗಳು ಹೇಳೋಕೆ ಶುರು ಮಾಡಿದ ಮೇಲೆ ಬಿಳಿಯರು ಊರಿನ ಕೊಳ ಬಿಟ್ಟು ಕ್ಲಬ್ಬಿಗೆ, ತಮ್ಮ ತಮ್ಮ ಹಿತ್ತಲಿಗೆ ಹೋದರು ಅನ್ನೋದನ್ನು ಅವರು ತೋರಿಸ್ತಾರೆ. 1950ರಲ್ಲಿ ನೆಲ ತೋಡಿ ಕಟ್ಟಿದ ಮನೆ ಪೂಲ್‌ಗಳು ಅಲ್ಲಿ ಸುಮಾರು 2,500. ಶತಮಾನದ ಕೊನೆಗೆ 40 ಲಕ್ಷ. ಮಿಸಿಸಿಪ್ಪಿಯ ಜಾಕ್ಸನ್ ನಗರವಂತೂ ಎಲ್ಲರನ್ನೂ ಬಿಡೋ ಬದಲು ತನ್ನ ಕೊಳಗಳನ್ನೇ ಮುಚ್ಚಿತು, 1971ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದಕ್ಕೆ ಅಡ್ಡಿ ಇಲ್ಲ ಅಂದಿತು.

ಇದನ್ನು ಓದುವಾಗ, ಅಬ್ಬಾ ಅಮೆರಿಕ, ಅಂತ ನಾನು ಆರಾಮಾಗಿ ತಲೆ ಆಡಿಸುತ್ತಿದ್ದೆ. ಅದಾಗಿ ಒಂದು ವಾರಕ್ಕೆ ಅಕ್ಕೂರಿಗೆ ಹೋದೆ. ಪೂಲ್ ಕಂಬಿ ಕಟ್ಟೋ ಕೆಲಸ ನಡೀತಿತ್ತು. ಮಧ್ಯಾಹ್ನ ಊಟ ಮುಗಿಸಿ ಗಾರೆ ಮೇಸ್ತ್ರಿ ಬಾವಿ ಕಟ್ಟೆ ಮೇಲೆ ಕೂತಿದ್ದರು. ದೊಡ್ಡಪ್ಪನ ವಯಸ್ಸಿನವರು, ಊರಿನ ಕಾಲೋನಿಯವರು. "ನೀವೂ ಇಲ್ಲೇ ಈಜು ಕಲ್ತಿದ್ದಾ ಮೇಸ್ತ್ರಿ?" ಅಂತ ಕೇಳಿದೆ. ಮಾತಿಗೆ ಅಂತ ಕೇಳಿದ್ದು.

"ಈ ಬಾವಿ ಹೂಳು ಎರಡು ಸಲ ಎತ್ತಿದ್ದೀನಿ ಕಣಪ್ಪ," ಅಂದರು. "ಈಜಿಲ್ಲ."

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬೀಡಿ ಹಚ್ಚಿ ಎದ್ದು ಹೋದರು. ಸೋರೆ ಬುರುಡೆ ಕಟ್ಟಿ ಅಪ್ಪನನ್ನು ತಳ್ಳಿದ ಕಥೆ ನಾನು ನೂರು ಸಲ ಕೇಳಿದ್ದೆ. ಆ ನೀರಲ್ಲಿ ಯಾರ್‍ಯಾರಿದ್ದರು ಅಂತ ಒಂದು ಸಲವೂ ಕೇಳಿರಲಿಲ್ಲ. ಬಾವಿಗೆ ಕಾಂಪೌಂಡ್ ಇರಲಿಲ್ಲ ನಿಜ, ಆದರೆ ಮೇಸ್ತ್ರಿಗೆ ಅದು ಒಣಗಿದಾಗ ಮಾತ್ರ ತೆರೆದಿತ್ತು. ಕೆರೆ ನೀರು ಮುಟ್ಟೋ ಹಕ್ಕಿಗಾಗಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಜನರ ಜತೆ ನಡೆದು ಹೋಗಿದ್ದು 1927ರ ಮಾರ್ಚ್ 20ಕ್ಕೆ. ಪರೀಕ್ಷೆಗೆ ಓದಿದ್ದೆ, ಮಾರ್ಕ್ಸೂ ಬಂದಿತ್ತು. ನಮ್ಮ ಹಿತ್ತಲಿಗೆ ಅದನ್ನು ತಂದು ನೋಡಿರಲಿಲ್ಲ.

ರಾತ್ರಿ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ದುಡ್ಡು ಕೊಟ್ಟೋರು ಯಾರು ಬೇಕಾದ್ರೂ ಇಳೀಬಹುದು," ಅಂದ. ಅದೂ ಒಂದು ಉತ್ತರವೇ. ಮೇಸ್ತ್ರಿಯ ದಿನಗೂಲಿ ಎಷ್ಟು, ಡೇ ಔಟಿಂಗ್ ರೇಟ್ ಎಷ್ಟು ಅಂತ ಇಬ್ಬರೂ ಬಾಯಿ ಬಿಟ್ಟು ಲೆಕ್ಕ ಹಾಕಲಿಲ್ಲ.

ಸರಿ, ಲ್ಯಾಂಡ್‌ಸ್ಕೇಪಿಂಗ್‌ಗೆ ಬರೋಣ. ಹಿತ್ತಲು ಅಂದರೆ ನಮ್ಮ ಕಡೆ ಕರಿಬೇವು, ನುಗ್ಗೆ, ಬಾಳೆ, ಪಾತ್ರೆ ತೊಳೆದ ನೀರು ಹರಿಯೋ ಕಡೆ ಕೆಸವು, ಒಂದು ಕೋಳಿ ಗೂಡು. ಎಲ್ಲವೂ ತಿನ್ನೋದು ಇಲ್ಲವೇ ಮದ್ದಿಗೆ ಆಗೋದು. ನೋಡೋಕೆ ಮಾತ್ರ ಇರೋ ಹುಲ್ಲು ಅನ್ನೋದು ಬ್ರಿಟಿಷರ ಬಂಗಲೆ, ಕ್ಲಬ್ಬುಗಳ ಜತೆ ಬಂದ ವಿಚಾರ. ಮೈಸೂರು ಸಂಸ್ಥಾನದಲ್ಲಿ ಇದಕ್ಕೊಂದು ದೊಡ್ಡ ರೂಪ ಕೊಟ್ಟವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1908ರಲ್ಲಿ ಲಾಲ್‌ಬಾಗ್‌ಗೆ ಬಂದವರು, ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಹೂ ಬಿಡೋ ಹಾಗೆ ಮರ ನೆಡಿಸಿದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಬೃಂದಾವನ ಗಾರ್ಡನ್‌ನಲ್ಲೂ ಅವರ ಕೈ ಇದೆ. ಆದರೆ ಬೃಂದಾವನದ ಕಾರಂಜಿ, ಹುಲ್ಲುಹಾಸಿನ ಬೆನ್ನಿಗೆ ಇಡೀ ಕನ್ನಂಬಾಡಿ ಕಟ್ಟೆ ಇದೆ. ನಮ್ಮಣ್ಣನ ಬೆನ್ನಿಗೆ ಇದ್ದಿದ್ದು ಎರಡೂವರೆ ಇಂಚು ನೀರಿನ ಒಂದು ಬೋರು.

ಲೆಕ್ಕ ಹೇಳ್ತೀನಿ, ಫೋನಲ್ಲಿ ಕ್ಯಾಲ್ಕುಲೇಟರ್ ಇದ್ದರೆ ತೆಗೀರಿ. ಮೂವತ್ತು ಇಂಟು ಹದಿನೈದು, ಸರಾಸರಿ ಆಳ ನಾಲ್ಕೂವರೆ ಅಡಿ. ಸುಮಾರು 57 ಸಾವಿರ ಲೀಟರ್. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗುರಿ ಇಟ್ಟುಕೊಂಡಿದೆ. ಅಂದರೆ ಒಂದು ಪೂಲ್ ಭರ್ತಿ ಮಾಡೋ ನೀರು ಸಾವಿರ ಜನರಿಗೆ ಒಂದು ದಿನದ ನೀರು. ಕೇಳಿದ ಕೂಡಲೇ ಪೂಲ್ ಮೇಲೆ ಕೋಪ ಬರುತ್ತೆ. ನನಗೂ ಬಂತು. ಆದರೆ ಫಿಲ್ಟರ್ ಸರಿಯಾಗಿದ್ದರೆ ಆ ನೀರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಆವಿಯಾಗಿ ಹೋಗೋದನ್ನು ತುಂಬಿಸಬೇಕು. ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿಲಿಮೀಟರ್ ಇಳಿದರೆ 200ರಿಂದ 250 ಲೀಟರ್. ಫಿಲ್ಟರ್ ತೊಳೆದಾಗ ಇನ್ನಷ್ಟು. ಈಗ ಪಕ್ಕದ ಲಾನ್ ನೋಡಿ. ಬರೀ ಸಾವಿರ ಚದರಡಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಕೊಟ್ಟರೆ 460 ಲೀಟರ್ ದಾಟುತ್ತೆ, ಪ್ರತಿದಿನ. ಎಲ್ಲರೂ ಪೂಲನ್ನು ಬೈತಾರೆ, ಅದರ ಎರಡರಷ್ಟು ಕುಡಿಯೋ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೀತಾರೆ. ಸಾವಿರ ಚದರಡಿ ಅಂದಿದ್ದು ನಾನು. ಅಣ್ಣ ಹಾಕಿಸಿದ್ದು ಮೂರು ಸಾವಿರ.

ಅದೂ ಉಳಿಯಲಿಲ್ಲ. ಬಾವಿಗೆ ಹಾಕೋಕೆ ದೊಡ್ಡವ್ವ ಬಿಡದ ಮಣ್ಣನ್ನು ಹಿತ್ತಲಲ್ಲೇ ದಿಬ್ಬದ ಹಾಗೆ ಹರಡಿ ಅದರ ಮೇಲೆ ಹುಲ್ಲು ಹಾಸಿದ್ದರು. ಐದಾರು ಅಡಿ ಕೆಳಗಿನ ಮಣ್ಣಲ್ಲಿ ಸತ್ವ ಎಲ್ಲಿರುತ್ತೆ? ಎರಡು ತಿಂಗಳಿಗೆ ಹಳದಿಯಾಯಿತು. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿಟ್ಟು ಕೊನೆಗೆ ಮೇಲೆ ಹರಡಬೇಕು. ಇದು ದೊಡ್ಡಪ್ಪನಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಮೂರನೇ ಪ್ರಶ್ನೆ, ನೀರು ಎಲ್ಲಿಗೆ ಹೋಗುತ್ತೆ ಅನ್ನೋದು. 2022ರ ಆಗಸ್ಟ್ ಕೊನೆ ನೆನಪಿದೆಯಾ? ರಾಮನಗರ, ಚನ್ನಪಟ್ಟಣದ ಕಡೆ ಕೆರೆಗಳು ಕೋಡಿ ಬಿದ್ದು, ಹೆದ್ದಾರಿ ಮೇಲೆ ಬಸ್ಸುಗಳು ನೀರಲ್ಲಿ ನಿಂತಿದ್ದ ವಿಡಿಯೋಗಳು ಎಲ್ಲರ ಫೋನಿಗೂ ಬಂದಿದ್ದವು. ಅಷ್ಟು ಹೊತ್ತಿಗೆ ಪೂಲಿನ ಕಾಂಕ್ರೀಟ್ ಆಗಿತ್ತು, ಟೈಲ್ಸ್ ಬಾಕಿ. ಒಳಗೆ ಬಿದ್ದ ಮಳೆ ನೀರನ್ನು ಕೆಲಸದವರು ದಿನಾ ಪಂಪ್ ಹಾಕಿ ಹೊರಗೆ ಹಾಕುತ್ತಿದ್ದರು, ಖಾಲಿ ಇಟ್ಟರೆ ಒಳ್ಳೇದು ಅಂತ. ಒಂದು ಬೆಳಿಗ್ಗೆ ನೋಡಿದರೆ ಆಳದ ಕಡೆಯ ಒಂದು ಮೂಲೆ ನಾಲ್ಕು ಬೆರಳು ಮೇಲೆದ್ದಿತ್ತು. ಗೋಡೆಯಲ್ಲಿ ಸೀಳು.

ಪೂಲ್ ತೇಲಿತ್ತು. ತಮಾಷೆ ಅಲ್ಲ, ದೋಣಿ ಹೇಗೆ ತೇಲುತ್ತೋ ಹಾಗೇ. ಆ ಕಾಂಕ್ರೀಟ್ ತೊಟ್ಟಿಯ ತೂಕ ಹೆಚ್ಚೂಕಮ್ಮಿ 40 ಟನ್. ಅಷ್ಟನ್ನು ಎತ್ತೋಕೆ ಹೊರಗಿನ ಮಣ್ಣಲ್ಲಿ ನೀರು ತಳದಿಂದ ಮೂರಡಿ ಏರಿದರೆ ಸಾಕು. ಒಳಗೆ ನೀರಿದ್ದಿದ್ದರೆ ಅದರ 57 ಟನ್ ಭಾರವೇ ಒತ್ತಿ ಹಿಡಿಯುತ್ತಿತ್ತು. ತಳದಲ್ಲಿ ಒಂದು ಸಣ್ಣ ಕವಾಟ ಇಡಬೇಕು, ಹೊರಗಿನ ಒತ್ತಡ ಜಾಸ್ತಿಯಾದಾಗ ಅದು ತಾನೇ ತೆರೆದು ನೀರನ್ನು ಒಳಗೆ ಬಿಡುತ್ತೆ. ಸುತ್ತ ಜಲ್ಲಿ ತುಂಬಿ ಪೈಪ್ ಇಟ್ಟು ನೀರು ಹರಿಸಬೇಕು. ಕಂಟ್ರಾಕ್ಟರ್ ಎರಡನ್ನೂ ಬಿಟ್ಟಿದ್ದ. "ಈ ಕಡೆ ನೀರೇ ಇಲ್ಲ ಸಾರ್, ಯಾಕೆ ಖರ್ಚು?" ಅಂದಿದ್ದನಂತೆ.

ದೊಡ್ಡವ್ವ ನನ್ನನ್ನು ಕರೆದುಕೊಂಡು ಹೋಗಿ ಬಾವಿ ತೋರಿಸಿದರು. ನೀರು ನೆಲಮಟ್ಟಕ್ಕೆ ಎರಡೇ ಅಡಿ ಕೆಳಗಿತ್ತು. ಪ್ಲಾಸ್ಟಿಕ್ ಕವರುಗಳು ತೇಲುತ್ತಿದ್ದವು, ಪಾರಿವಾಳದ ಗೂಡು ಮುಳುಗಿತ್ತು. ಅದೇನು ಪವಾಡ ಅಲ್ಲ. ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಕಟ್ಟಿದ ಬ್ಯಾರೇಜಿನಿಂದ ನಮ್ಮ ತಾಲೂಕಿನ ಕೆರೆಗಳಿಗೆ ನೀರು ಪಂಪ್ ಮಾಡಿ ತುಂಬಿಸುವ ಕೆಲಸ ಎಷ್ಟೋ ವರ್ಷದಿಂದ ನಡೆದಿದೆ. ಕೆರೆ ತುಂಬಿದರೆ ಸುತ್ತಲಿನ ಅಂತರ್ಜಲ ನಿಧಾನಕ್ಕೆ ಏರುತ್ತೆ, ಅದರ ಮೇಲೆ ಆ ಮಳೆ. ಹಿತ್ತಲಲ್ಲೇ ನೀರಿನ ಮಟ್ಟ ಹೇಳೋ ಮೀಟರ್ ಇತ್ತು. ಇಪ್ಪತ್ತು ಹೆಜ್ಜೆ ನಡೆದು ಯಾರಾದರೂ ಬಗ್ಗಿ ನೋಡಿದ್ದರೆ ಆ ಮೂರೂವರೆ ಲಕ್ಷ ಉಳೀತಿತ್ತು.

ರಿಪೇರಿ ಮಾಡಿದ್ದು ಅದೇ ಮೇಸ್ತ್ರಿ. ಈ ಸಲ ಕವಾಟ ಹಾಕಿದರು, ಜಲ್ಲಿ ತುಂಬಿದರು, ಪೈಪನ್ನು ತೆಂಗಿನ ಸಾಲಿನ ಆಚೆಗೆ ಬಿಟ್ಟರು. ಲಾನ್ ಅರ್ಧಕ್ಕಿಂತ ಕಮ್ಮಿಯಾಯಿತು, ಉಳಿದ ಕಡೆ ಕಲ್ಲು ಚಪ್ಪಡಿ, ದೇವಕಣಗಿಲೆ, ನಿಂಬೆಹುಲ್ಲು. ಪೂಲ್ ಪಕ್ಕದಲ್ಲೇ ಇದ್ದ ನೇರಳೆ ಮರ ಕಡೀಬೇಕು ಅಂತ ಅಣ್ಣ, ಕಡೀಬಾರದು ಅಂತ ದೊಡ್ಡಪ್ಪ. ಮರ ಇದೆ. ಜೂನ್ ತಿಂಗಳಲ್ಲಿ ನೀರು ನೇರಳೆ ಬಣ್ಣಕ್ಕೆ ತಿರುಗುತ್ತೆ, ಗೆಸ್ಟ್‌ಗಳು ಅದರ ಫೋಟೋ ಹಾಕ್ತಾರೆ.

2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯೋ ನೀರು ಬಳಸಬಾರದು ಅಂತ ಆದೇಶ ಹೊರಡಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಅಪಾರ್ಟ್‌ಮೆಂಟ್ ಪೂಲ್‌ಗಳು ಒಣಗಿದ ಆ ಎರಡು ತಿಂಗಳು ಅಕ್ಕೂರಿನ ಹಿತ್ತಲು ಹೌಸ್‌ಫುಲ್. ಅಣ್ಣನಿಗೆ ಅದರಲ್ಲಿ ಖುಷಿಯೂ ಇತ್ತು, ಮುಜುಗರವೂ ಇತ್ತು. ಬೋರಿನ ನೀರು ಆ ಏಪ್ರಿಲ್‌ನಲ್ಲಿ ಕೈಕೊಡ್ತು. ಟ್ಯಾಂಕರ್ ತರಿಸಿದ. ದೊಡ್ಡವ್ವ ಮೂರು ದಿನ ಅವನ ಜತೆ ಮಾತಾಡಲಿಲ್ಲ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ, ಅದರಲ್ಲಿ ಮಕ್ಕಳ ಪಾಲು ದೊಡ್ಡದು. ನಮ್ಮ ಕಡೆ ಕೃಷಿಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಹೊಲಹೊಲಕ್ಕೂ ಕೃಷಿ ಹೊಂಡ ಆಯಿತು. ತಳಕ್ಕೆ ಪ್ಲಾಸ್ಟಿಕ್ ಹಾಳೆ, ಕಾಲಿಟ್ಟರೆ ಜಾರುತ್ತೆ, ಹಿಡಿಯೋಕೆ ಏನೂ ಇಲ್ಲ. ಆಮೇಲೆ ಸುತ್ತ ತಂತಿ ಬೇಲಿಯನ್ನೂ ಯೋಜನೆಗೆ ಸೇರಿಸಿದರು. ಊರು ತುಂಬ ನೀರಿದೆ, ಈಜು ಬರೋ ಮಕ್ಕಳಿಲ್ಲ. ಅಕ್ಕೂರಲ್ಲಿ ಈಜು ಕಲಿಯೋಕೆ ಆಗೋ ಹಾಗೆ ನೀಲಿ ಟೈಲ್ಸು, ಮೂರೂವರೆ ಅಡಿ ಆಳದ ತುದಿ, ಹಿಡಿಯೋಕೆ ಸ್ಟೀಲ್ ಕಂಬಿ ಇರೋದು ಅಣ್ಣನ ಹಿತ್ತಲಲ್ಲಿ. ಸೋಮವಾರದಿಂದ ಗುರುವಾರದವರೆಗೆ ಅಲ್ಲಿ ಗೆಸ್ಟ್ ಯಾರೂ ಇರಲ್ಲ. ಊರಿನ ಮಕ್ಕಳನ್ನು ಬಿಡು ಅಂತ ನಾನು ಎರಡು ವರ್ಷದಿಂದ ಹೇಳ್ತಿದ್ದೀನಿ. ಯಾರಿಗಾದರೂ ಏನಾದರೂ ಆದರೆ ಜೈಲಿಗೆ ಹೋಗೋನು ನಾನು, ನೀನು ಪಾಡ್‌ಕ್ಯಾಸ್ಟ್ ಮಾಡ್ತೀಯ, ಅಂತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೋದ ಬೇಸಿಗೆಯಲ್ಲಿ ಮೇಸ್ತ್ರಿಯ ಮೊಮ್ಮಗ ಒಬ್ಬ, ಎಂಟನೇ ಕ್ಲಾಸು, ತಾತನ ಜತೆ ಟೈಲ್ಸ್ ರಿಪೇರಿಗೆ ಬಂದಿದ್ದ. ಕೆಲಸ ಮುಗಿದ ಮೇಲೆ ಅಣ್ಣನೇ ಇಳೀ ಅಂದ. ಹುಡುಗ ಕಂಬಿ ಬಿಡಲೇ ಇಲ್ಲ, ಅರ್ಧ ಗಂಟೆ ಕಾಲು ಬಡಿದ. ಮೇಸ್ತ್ರಿ ಬಾವಿ ಕಟ್ಟೆ ಮೇಲೆ ಕೂತು ನೋಡ್ತಿದ್ದರು. ಮುಂದಿನ ವಾರ ಅವನು ಬಂದನಾ ಅಂದರೆ, ಇಲ್ಲ, ಯಾರೂ ಕರೆಯಲಿಲ್ಲ.

ಬಾವಿಗೆ ಈಗ ಕಬ್ಬಿಣದ ಜಾಲರಿ ಇದೆ. ಪೂಲ್ ಖಾಲಿ ಮಾಡೋ ಮುಂಚೆ ಅಣ್ಣ ಹಗ್ಗಕ್ಕೆ ಕಲ್ಲು ಕಟ್ಟಿ ಜಾಲರಿ ಸಂದಿಯಿಂದ ಇಳಿಸಿ ನೀರು ಎಷ್ಟು ಕೆಳಗಿದೆ ನೋಡ್ತಾನೆ, ಪಂಪ್ ರೂಮಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೀತಾನೆ. ನಾನು ಕೊನೇ ಸಲ ಹೋದಾಗ ಬರೆದಿದ್ದಿದ್ದು: ಹನ್ನೊಂದು ಅಡಿ.

ನಿಮ್ಮೂರಿನ ಈಜು ಬಾವಿ ಈಗ ಏನಾಗಿದೆ? ಅದರಲ್ಲಿ ಯಾರು ಈಜುತ್ತಿದ್ದರು, ಯಾರು ಈಜುತ್ತಿರಲಿಲ್ಲ? ಮನೆಯ ಹಿರಿಯರನ್ನು ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.